ಕಲಾಪಂಥಗಳೂ ಅವುಗಳ ಹೆಸರುಗಳೂ

ಕಲೆಗಳ ವಿಚಾರವಾಗಿ ಮಾತನಾಡುವಾಗ ನಾವು ಬಳಸುವ ಹೆಸರುಗಳಲ್ಲಿ ಎರಡು ಬಗೆಯುಂಟು. ನಿಸರ್ಗಚಿತ್ರ, ಭಾವಚಿತ್ರ, ಸಿಂಫೊನಿ, ಗೀತನಾಟಕ ಎಂಬವು ಒಂದು ಬಗೆ. ಇವನ್ನು ಪ್ರಕಾರಗಳೆಂದು ಕರೆಯೋಣ. ಕ್ಲಾಸಿಸಿಸಂ, ರೊಮ್ಯಾಂಟಿಸಿಸಂ, ಇಂಪ್ರೆಷನಿಸಂ ಎಂಬವು ಇನ್ನೊಂದು ಬಗೆ. ಇವು ಪಂಥಗಳು. ಪ್ರಕಾರವು ಕೃತಿಯ ಆಕಾರವನ್ನೂ ವಸ್ತುವನ್ನೂ ಸೂಚಿಸುತ್ತದೆ. ಪಂಥವಾದರೋ ಒಂದು ಕಾಲದಲ್ಲಿ ಕೆಲವರು ಒಂದು ಗುರಿಯಿಟ್ಟುಕೊಂಡು ಹಿಡಿದ ದಾರಿ. ನಮ್ಮ ಸಂಗೀತದಲ್ಲಿ ವರ್ಣ, ಕೃತಿ, ಜಾವಳಿಗಳು ಪ್ರಕಾರಗಳು. ಯಾರು ಬೇಕಾದರೂ ಯಾವ ಕಾಲದಲ್ಲಾದರೂ ಒಂದು ಕೃತಿಯನ್ನು ರಚಿಸಬಹುದು. ಆದರೆ ಒಂದು ಪಂಥಕ್ಕೆ ಅದರ ಕಾಲ ಕಳೆದ ಮೇಲೆ ಹೊಸದಾಗಿ ಸೇರಿಕೊಳ್ಳಲು ಬರುವುದಿಲ್ಲ. ಅನುಕರಿಸಲು ಮಾತ್ರ ಬರುತ್ತದೆ.

ಈ ಎರಡು ಬಗೆಯ ಹೆಸರುಗಳಲ್ಲಿ ಪ್ರಕಾರದ ಹೆಸರು ಅಷ್ಟಾಗಿ ಕೇಡುಮಾಡುವುದಿಲ್ಲ. ಪಂಥದ ಹೆಸರು ಹಾಗಲ್ಲ. ಅದು ಅನೇಕ ವೇಳೆ ಹೊರಗಿನವರು ಇಟ್ಟದ್ದು. ಕೆಲವು ವೇಳೆ ಹಗೆಗಳು ಇಟ್ಟದ್ದು. ಅದು ಒಂದು ಕಲೆಯಿಂದ ಇನ್ನೊಂದು ಕಲೆಗೆ ದಾಟುವಾಗ ಅರ್ಥವನ್ನು ಅರ್ಧ ದಾರಿಯಲ್ಲಿಯೇ ಬಿಟ್ಟು ಬರುವುದೂ ಉಂಟು. ಆದರೂ ಆ ಹೆಸರನ್ನು ಕೇಳಿದೊಡನೆ ಕೃತಿಯನ್ನು ನೋಡುವುದಕ್ಕೆ ಮೊದಲೇ ನಾವು ಒಂದು ತೀರ್ಮಾನಕ್ಕೆ ಬಂದುಬಿಡುತ್ತೇವೆ. ಆದಕಾರಣ ಒಂದೇ ಒಂದು ಹೆಸರನ್ನು ಹಿಡಿದು, ಅದು ಎಲ್ಲಿ ಹುಟ್ಟಿತು, ಹೇಗೆ ಚಿತ್ರದಿಂದ ಸಂಗೀತಕ್ಕೂ ಸಂಗೀತದ ಜೊತೆಯಲ್ಲಿ ನೃತ್ಯದ ಬಾಗಿಲಿಗೂ ಹೋಯಿತು ಎಂಬುದನ್ನು ನೋಡುವುದು ಉಪಯುಕ್ತವೆಂದು ತೋರುತ್ತದೆ. ಆ ಹೆಸರು ಇಂಪ್ರೆಷನಿಸಂ. ಮನಸ್ಸಿನ ಮೇಲೆ ಬಿದ್ದ ಅಚ್ಚು ಎಂಬುದು ಅದರ ಮೂಲದಲ್ಲಿರುವ ಪದದ ಅರ್ಥ. ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆಯವರು ಬೇರೆ ಬೇರೆ ಪದಗಳನ್ನು ಕಟ್ಟಿರುವುದರಿಂದ, ನಾವು ಇಲ್ಲಿ ಮೂಲದ ಪದವನ್ನೇ ಇಟ್ಟುಕೊಳ್ಳುತ್ತೇವೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸ್ ದೇಶದ ಚಿತ್ರಕಾರನಿಗೆ ಅನ್ನದ ದಾರಿ ಬಹುಮಟ್ಟಿಗೆ ಒಂದೇ ಆಗಿತ್ತು. ಪ್ಯಾರಿಸ್ ನಗರದಲ್ಲಿ ಸಲೋನ್ ಎಂಬ ಸರ್ಕಾರೀ ಚಿತ್ರಪ್ರದರ್ಶನ ನಡೆಯುತ್ತಿತ್ತು. ತೀರ್ಪುಗಾರರ ಮಂಡಲಿ ಒಪ್ಪಿದ ಚಿತ್ರಗಳಿಗೆ ಮಾತ್ರ ಅಲ್ಲಿ ಗೋಡೆ ದೊರೆಯುತ್ತಿತ್ತು. ಗೋಡೆ ದೊರೆತವನಿಗೆ ಪತ್ರಿಕೆಗಳಲ್ಲಿ ಹೆಸರು, ಸಿರಿವಂತರಿಂದ ಕೆಲಸ. ದೊರೆಯದವನಿಗೆ ಎರಡೂ ಇಲ್ಲ. ಈ ಮಂಡಲಿಯ ಹಿಂದೆ ಕಲಾ ಅಕಾಡೆಮಿಯ ಹಳೆಯ ನಿಯಮಗಳಿದ್ದವು. 1667ರಲ್ಲಿ ಆಂದ್ರೆ ಫೆಲಿಬಿಯೆನ್ ಎಂಬ ವಿದ್ವಾಂಸನು ಚಿತ್ರಪ್ರಕಾರಗಳಿಗೆ ಮೇಲುಕೀಳಿನ ಒಂದು ಶ್ರೇಣಿಯನ್ನು ಹೇಳಿದ್ದನು. ಪುರಾಣ, ಧರ್ಮಗ್ರಂಥ, ಇತಿಹಾಸಗಳಿಂದ ತೆಗೆದ ಮಹಾಘಟನೆಗಳ ಚಿತ್ರಕ್ಕೆ ಮೊದಲ ಪೀಠ. ಭಾವಚಿತ್ರಕ್ಕೆ ಅದರ ಕೆಳಗಿನ ಸ್ಥಾನ. ಮರ, ಹೊಳೆ, ಬಯಲುಗಳ ನಿಸರ್ಗಚಿತ್ರ ಅದಕ್ಕಿಂತಲೂ ಕೆಳಗೆ. ಹಣ್ಣು, ಹೂವು, ಪಾತ್ರೆಗಳ ಚಿತ್ರಕ್ಕೆ ಕಟ್ಟಕಡೆಯ ಮಣೆ. ಚಿತ್ರವು ನಯವಾಗಿ, ಕುಂಚದ ಗುರುತು ಕಾಣದಂತೆ ಮುಗಿದಿರಬೇಕೆಂಬುದು ಇನ್ನೊಂದು ನಿಯಮ.

1863ರಲ್ಲಿ ಈ ಮಂಡಲಿಯು ಬಂದ ಸುಮಾರು 5,000 ಕೃತಿಗಳಲ್ಲಿ ಸುಮಾರು 3,000ವನ್ನು ತಿರಸ್ಕರಿಸಿತು. ಕೂಗಾಟ ಹೆಚ್ಚಾಗಲು, ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ತಿರಸ್ಕೃತ ಚಿತ್ರಗಳನ್ನೂ ಬೇರೆಯಾಗಿ ಪ್ರದರ್ಶಿಸಿ, ಜನರೇ ನೋಡಿ ನಿರ್ಣಯಿಸಲಿ ಎಂದು ಅಪ್ಪಣೆಮಾಡಿದನು. ಜನ ಬಂದರು, ನೋಡಿದರು, ಬಹುಮಂದಿ ನಕ್ಕರು. ಆದರೆ ತೀರ್ಪುಗಾರರ ಹೊರಗೂ ಒಂದು ಪ್ರದರ್ಶನ ನಡೆಯಬಹುದೆಂಬ ವಿಚಾರ ಅಂದಿನಿಂದ ಬೇರೂರಿತು.

ಹೊಸ ದಾರಿಯೊಂದು ತೆರೆಯುವುದಕ್ಕೆ ಅಸಮಾಧಾನವೊಂದೇ ಸಾಲದು, ಸಾಧನಗಳೂ ಬೇಕು. ಅವು ಆಗ ಒಂದೊಂದಾಗಿ ಒದಗಿಬಂದಿದ್ದವು. ಹಿಂದೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಅದು ಬೇಗ ಒಣಗಿ ಕೆಡುತ್ತಿತ್ತು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ಎಂಬವನು ಹಿಸುಕಿದರೆ ಬಣ್ಣ ಬರುವ ತವರದ ಕೊಳವೆಯನ್ನು ಕಂಡುಹಿಡಿದನು. ಚಿತ್ರಕಾರನು ತನ್ನ ಬಣ್ಣಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊಳೆಯ ದಡಕ್ಕೆ ಹೋಗಿ ಅಲ್ಲಿಯೇ ಎಣ್ಣೆವರ್ಣದ ಚಿತ್ರವನ್ನು ಬರೆಯುವುದು ಸುಲಭವಾಯಿತು. ಹೊಸದಾಗಿ ಹಾಕಿದ ರೈಲುದಾರಿಯು ಅವನನ್ನು ಪ್ಯಾರಿಸ್ಸಿನಿಂದ ಸೇನ್ ನದಿಯ ತೀರದ ಊರುಗಳಿಗೆ ಸ್ವಲ್ಪ ಹೊತ್ತಿನಲ್ಲಿ ತಲುಪಿಸುತ್ತಿತ್ತು. ರಾಸಾಯನಿಕ ಶಾಸ್ತ್ರಜ್ಞನಾದ ಷೆವ್ರಲ್ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣದ ಕೆಲಸವನ್ನು ನೋಡಿಕೊಳ್ಳುತ್ತಿದ್ದಾಗ, ಒಂದು ನೂಲಿನ ಬಣ್ಣವು ಪಕ್ಕದ ನೂಲಿನ ಬಣ್ಣದಿಂದ ಬೇರೆಯಾಗಿ ಕಾಣುತ್ತದೆಂಬುದನ್ನು ಗಮನಿಸಿ 1839ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದ್ದನು. ಕಿತ್ತಳೆಯ ಪಕ್ಕದಲ್ಲಿಟ್ಟ ನೀಲಿ ಇನ್ನೂ ನೀಲಿಯಾಗುತ್ತದೆ. ಕೆಂಪಿನ ಪಕ್ಕದ ಹಸುರು ಇನ್ನೂ ಹಸುರಾಗುತ್ತದೆ. ಜಪಾನ್ ದೇಶವು ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆದ ಮೇಲೆ ಹೊಕುಸಾಯ್, ಹಿರೋಷಿಗೆ ಮೊದಲಾದವರ ಮರದಚ್ಚಿನ ಚಿತ್ರಗಳು ಪ್ಯಾರಿಸ್ಸಿನ ಅಂಗಡಿಗಳಿಗೆ ಬಂದವು. ನೆರಳಿನಿಂದ ಉಬ್ಬುತಗ್ಗನ್ನು ತೋರಿಸದೆಯೂ, ವಸ್ತುವನ್ನು ಹಲಗೆಯ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಯೂ ಚಿತ್ರ ಬರೆಯಬಹುದೆಂದು ಅವು ತೋರಿಸಿಕೊಟ್ಟವು. ಇದ್ದುದನ್ನು ಇದ್ದಂತೆ ಹಿಡಿಯುವ ಕೆಲಸವನ್ನು ಫೊಟೊಗ್ರಫಿಯು ಆಗಲೇ ವಹಿಸಿಕೊಂಡಿತ್ತು.

ಹೀಗೆ ಬಯಲಿಗೆ ಬಂದು ನಿಂತ ಚಿತ್ರಕಾರರಿಗೆ ಕಂಡದ್ದೇನು? ನೆರಳು ಕಪ್ಪಲ್ಲ. ಹಿಮದ ಮೇಲಿನ ನೆರಳು ನೀಲಿ. ಹುಲ್ಲಿನ ಮೇಲಿನದು ಕಡು ಹಸುರು ಅಥವಾ ನೇರಳೆ. ವಸ್ತುವಿಗೆ ಗೆರೆಯ ಅಂಚಿಲ್ಲ. ಒಂದು ಬಣ್ಣ ಮುಗಿದು ಇನ್ನೊಂದು ತೊಡಗುವ ಸ್ಥಳವನ್ನೇ ನಾವು ಅಂಚೆನ್ನುತ್ತೇವೆ. ಬೆಳಕು ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಬೇಗ ಬರೆಯಬೇಕು. ಬೇಗ ಬರೆಯುವುದರಿಂದ ಕುಂಚದ ಒಂದೊಂದು ಹೊಡೆತವೂ ಬೇರೆಬೇರೆಯಾಗಿ ಉಳಿಯುತ್ತದೆ. ಹತ್ತಿರದಿಂದ ನೋಡಿದರೆ ಬಣ್ಣದ ತುಂಡುಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು, ದೋಣಿ, ಅಲುಗುವ ಬಿಸಿಲು. ಅಕಾಡೆಮಿಯವರ ಕಣ್ಣಿಗೆ ಇದು ಕರಡಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಅಪರಾಧವೆಂದು ಅವರು ಎಣಿಸಿದುದೂ ಅದನ್ನೇ: ಕರಡನ್ನು ಮುಗಿದ ಚಿತ್ರವೆಂದು ತೋರಿಸುವುದು.

ಮೊನೆ, ರೆನ್ವಾರ್, ಪಿಸಾರೊ, ಸಿಸ್ಲೆ, ದೆಗಾ, ಸೆಜಾನ್ ಎಂಬವರೂ ಬರ್ತ್ ಮೊರಿಸೊ ಎಂಬ ಮಹಿಳೆಯೂ ಇನ್ನು ಕೆಲವರೂ ಸೇರಿ ಒಂದು ಸಂಘವನ್ನು ಕಟ್ಟಿಕೊಂಡು, 1874ರ ಏಪ್ರಿಲ್ 15ರಿಂದ ಒಂದು ತಿಂಗಳ ಕಾಲ ತಮ್ಮದೇ ಪ್ರದರ್ಶನವನ್ನು ನಡೆಸಿದರು. ಸ್ಥಳ, ಪ್ಯಾರಿಸ್ಸಿನ ಬುಲ್‌ವಾರ್ ದೆ ಕಾಪ್ಯುಸೀನ್ ಬೀದಿಯಲ್ಲಿ ನಾದಾರ್ ಎಂಬ ಪ್ರಸಿದ್ಧ ಫೊಟೊಗ್ರಾಫರನು ಹಿಂದೆ ಇಟ್ಟುಕೊಂಡಿದ್ದ ಶಾಲೆ. ಪ್ರವೇಶಕ್ಕೆ ಒಂದು ಫ್ರಾಂಕು. ದುಡಿಯುವವರಿಗೂ ಅನುಕೂಲವಾಗಲೆಂದು ರಾತ್ರಿ ಎಂಟರಿಂದ ಹತ್ತರವರೆಗೂ ಬಾಗಿಲು ತೆರೆದಿರುತ್ತಿತ್ತು. ಆ ಸಂಘಕ್ಕೆ ಯಾವ ಪಂಥದ ಹೆಸರೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಚಿತ್ರಕಾರರು, ಶಿಲ್ಪಿಗಳು, ಅಚ್ಚುಕೆತ್ತುವವರು ಮೊದಲಾದವರ ಸಂಘವೆಂದು ಮಾತ್ರ ಅವರು ತಮ್ಮನ್ನು ಕರೆದುಕೊಂಡಿದ್ದರು.

ಅಲ್ಲಿದ್ದ ಚಿತ್ರಗಳಲ್ಲಿ ಮೊನೆಯದೊಂದು ಚಿಕ್ಕದು. ಅರ್ಧ ಮೀಟರಿಗೂ ಕಡಮೆ ಎತ್ತರದ್ದು. ಲಹಾವ್ರ್ ರೇವುಪಟ್ಟಣದ ಮಂಜು, ಎರಡು ಮೂರು ದೋಣಿಗಳು, ಕಿತ್ತಳೆ ಬಣ್ಣದ ಸೂರ್ಯ, ನೀರಿನಲ್ಲಿ ಅದರ ತುಂಡುತುಂಡಾದ ಪ್ರತಿಬಿಂಬ. ಅದಕ್ಕೆ ಅವನು ಇಟ್ಟ ಹೆಸರು 'ಇಂಪ್ರೆಷನ್, ಸೂರ್ಯೋದಯ'. ಇದು ಈಗ ಪ್ಯಾರಿಸ್ಸಿನ ಮಾರ್ಮೊತಾನ್ ಸಂಗ್ರಹಾಲಯದಲ್ಲಿದೆ. ಈ ಚಿತ್ರದ ವಿಚಾರದಲ್ಲಿ ಒಂದು ಸ್ವಾರಸ್ಯವುಂಟು. ಬಣ್ಣವನ್ನು ತೆಗೆದು ಕಪ್ಪುಬಿಳುಪಿನಲ್ಲಿ ಅಚ್ಚುಹಾಕಿದರೆ ಆ ಸೂರ್ಯ ಬಹುಮಟ್ಟಿಗೆ ಮಾಯವಾಗುತ್ತಾನೆ. ಅವನ ಹೊಳಪೂ ಸುತ್ತಣ ಮಂಜಿನ ಹೊಳಪೂ ಹೆಚ್ಚುಕಡಮೆ ಸಮವಾಗಿವೆ. ಸೂರ್ಯನನ್ನು ಸೂರ್ಯನನ್ನಾಗಿ ಮಾಡಿರುವುದು ಬಣ್ಣವೇ ಹೊರತು ಬೆಳಕುಕತ್ತಲೆಗಳ ಅಂತರವಲ್ಲ. ಕರಡೆಂದು ನಕ್ಕವರಿಗೆ ಈ ಲೆಕ್ಕಾಚಾರ ತಿಳಿದಿರಲಿಲ್ಲ.

ಏಪ್ರಿಲ್ 25ರಂದು ಷಾರಿವಾರಿ ಎಂಬ ಹಾಸ್ಯಪತ್ರಿಕೆಯಲ್ಲಿ ಲೂಯಿ ಲೆರ್ವಾ ಎಂಬವನು ಈ ಪ್ರದರ್ಶನದ ಮೇಲೆ ಒಂದು ಸಂಭಾಷಣೆಯನ್ನು ಬರೆದನು. ಅಕಾಡೆಮಿಯ ಸಂಪ್ರದಾಯದಲ್ಲಿ ಪಳಗಿದ ಮುದುಕ ಚಿತ್ರಕಾರನೊಬ್ಬನು ಒಂದೊಂದೇ ಚಿತ್ರವನ್ನು ನೋಡುತ್ತ ನೋಡುತ್ತ ಬುದ್ಧಿಭ್ರಮಣೆಗೆ ಒಳಗಾಗುವುದು ಅದರ ವಸ್ತು. ಗೋಡೆಗೆ ಅಂಟಿಸುವ ಕಾಗದದ ಕರಡು ಕೂಡ ಮೊನೆಯ ಈ ಚಿತ್ರಕ್ಕಿಂತ ಹೆಚ್ಚು ಮುಗಿದಿರುತ್ತದೆಂದು ಆ ಮುದುಕನ ಬಾಯಲ್ಲಿ ಹೇಳಿಸಿದ್ದಾನೆ. ಮೊನೆಯ ಚಿತ್ರದ ಹೆಸರನ್ನೇ ಹಿಡಿದು ಇಡೀ ಗುಂಪಿಗೆ 'ಇಂಪ್ರೆಷನಿಸ್ಟರು' ಎಂದು ಅಡ್ಡಹೆಸರಿಟ್ಟನು. ಪಂಥಕ್ಕೆ ನಾಮಕರಣವಾದದ್ದು ಹೀಗೆ.

ಪತ್ರಿಕೆಯ ನಗೆಯು ಮನೆಯ ಒಲೆಗೂ ತಟ್ಟುತ್ತದೆ. ಆ ವರ್ಷದ ಕೊನೆಗೆ ಸಂಘದ ಲೆಕ್ಕವನ್ನು ನೋಡಿದಾಗ ಒಬ್ಬೊಬ್ಬ ಸದಸ್ಯನೂ 184 ಫ್ರಾಂಕು 50 ಸಾಂತೀಮನ್ನು ತಾನೇ ತುಂಬಿಕೊಡಬೇಕಾಯಿತು, ಸಂಘವನ್ನು ಮುಚ್ಚಿದರು. 1875ರಲ್ಲಿ ಕೆಲವರು ತಮ್ಮ ಚಿತ್ರಗಳನ್ನು ಹರಾಜಿಗೆ ಇಟ್ಟಾಗ ಗಲಭೆ ಹೆಚ್ಚಿ ಪೋಲೀಸರನ್ನು ಕರೆಸಬೇಕಾಯಿತು, ಬೆಲೆಗಳಂತೂ ನಾಚಿಕೆಗೇಡು. ಪಿಸಾರೊ ದೊಡ್ಡ ಸಂಸಾರವನ್ನು ಇಟ್ಟುಕೊಂಡು ವರ್ಷಗಟ್ಟಳೆ ಸಾಲದಲ್ಲಿ ಬಾಳಿದನು. ಸಿಸ್ಲೆ 1899ರಲ್ಲಿ ಬಡವನಾಗಿಯೇ ಸತ್ತನು. ಮರುವರ್ಷ, ಪೋರ್ ಮಾರ್ಲಿ ಎಂಬ ಊರಿಗೆ ನೆರೆ ಬಂದುದನ್ನು ಅವನು ಬರೆದಿದ್ದ ಚಿತ್ರವೊಂದು 43,000 ಫ್ರಾಂಕಿಗೆ ಹರಾಜಾಯಿತು. ಒಂದು ಹೆಸರನ್ನು ಬೇಗ ಅಂಟಿಸಿ ಮುಂದೆ ಹೋಗುವವರು ಈ ಎರಡು ವರ್ಷಗಳ ಅಂತರವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬೈಗುಳನ್ನು ಬಿರುದನ್ನಾಗಿ ಮಾಡಿಕೊಳ್ಳುವುದು ಲೋಕದಲ್ಲಿ ಹೊಸದಲ್ಲ. 1877ರ ಮೂರನೆಯ ಪ್ರದರ್ಶನದಲ್ಲಿ ಈ ಗುಂಪಿನವರೇ ಇಂಪ್ರೆಷನಿಸ್ಟರೆಂಬ ಹೆಸರನ್ನು ಸ್ವೀಕರಿಸಿದರು. ಆದರೂ ಎಲ್ಲರಿಗೂ ಅದು ಒಪ್ಪಿಗೆಯಾಗಿರಲಿಲ್ಲ. ನೃತ್ಯಶಾಲೆಯ ಹುಡುಗಿಯರನ್ನೂ ಕುದುರೆಯ ಜೂಜನ್ನೂ ಬರೆದ ದೆಗಾ ಬಯಲಿನಲ್ಲಿ ಚಿತ್ರ ಬರೆಯುವುದನ್ನು ಹಾಸ್ಯಮಾಡುತ್ತಿದ್ದವನು, ಗೆರೆಯನ್ನು ಪೂಜಿಸುತ್ತಿದ್ದವನು. ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಅವನ ಚಿತ್ರಗಳಿದ್ದರೂ ಆ ಹೆಸರನ್ನು ಅವನು ಕೊನೆಯವರೆಗೂ ಸಹಿಸಲಿಲ್ಲ. 1886ರ ಎಂಟನೆಯ ಪ್ರದರ್ಶನದೊಂದಿಗೆ ಗುಂಪು ಚದರಿತು. ಪಂಥವಾಗಿ ಅದರ ಆಯುಸ್ಸು ಹನ್ನೆರಡು ವರ್ಷ.

ಆ ಹನ್ನೆರಡು ವರ್ಷಗಳಲ್ಲಿ ಅದು ಸಾಧಿಸಿದ ಒಂದು ಕಾರ್ಯವನ್ನು ಮಾತ್ರ ಹೇಳಿ ಮುಂದುವರಿಯೋಣ. ಫೆಲಿಬಿಯೆನ್ನನ ಶ್ರೇಣಿಯು ತಲೆಕೆಳಗಾಯಿತು. ಕೆಳಗಿನ ಮಣೆಯಲ್ಲಿದ್ದ ನಿಸರ್ಗಚಿತ್ರವು ಮೇಲಕ್ಕೆ ಬಂದಿತು. 1891ರಲ್ಲಿ ಮೊನೆ ಒಂದೇ ಹೊಲದ ತೆನೆಮೆದೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಋತುವಿನಲ್ಲಿ ಬರೆದ ಹದಿನೈದು ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿದನು. ಮೆದೆಯು ಮಹಾಪುರುಷನೂ ಅಲ್ಲ, ಮಹಾಘಟನೆಯೂ ಅಲ್ಲ. ಆದರೆ ಬೆಳಕೆಂಬುದಕ್ಕೆ ಒಂದು ಚರಿತ್ರೆಯಿದೆಯೆಂದು ಆ ಮೆದೆಗಳು ತೋರಿಸಿದವು. ಪಂಥವು ಅಳಿದರೂ ಅದು ಪ್ರಕಾರಗಳ ಮರ್ಯಾದೆಯನ್ನು ಹೀಗೆ ಬದಲಾಯಿಸಿಬಿಟ್ಟು ಹೋಗುತ್ತದೆ.

ಇನ್ನು ಸಂಗೀತದ ಮಾತು. ಕ್ಲೋದ್ ದೆಬ್ಯುಸಿ ಹುಟ್ಟಿದ್ದು 1862ರಲ್ಲಿ. 1884ರಲ್ಲಿ ರೋಮ್ ಬಹುಮಾನವನ್ನು ಪಡೆದು ಆ ನಗರಕ್ಕೆ ಹೋದನು. ಬಹುಮಾನ ಪಡೆದವರು ಕಾಲಕಾಲಕ್ಕೆ ತಮ್ಮ ರಚನೆಗಳನ್ನು ಪ್ಯಾರಿಸ್ಸಿನ ಅಕಾಡೆಮಿಗೆ ಕಳುಹಿಸಬೇಕೆಂದು ನಿಯಮ. ಅವನು ಕಳುಹಿಸಿದ 'ವಸಂತ' ಎಂಬ ರಚನೆಯನ್ನು ಪರೀಕ್ಷಿಸಿದ ಹಿರಿಯರು 1887ರಲ್ಲಿ, ಈ ಯುವಕನು ಅಸ್ಪಷ್ಟವಾದ ಇಂಪ್ರೆಷನಿಸಂ ಎಂಬ ಅಪಾಯದಿಂದ ಎಚ್ಚರವಾಗಿರಬೇಕೆಂದು ಬರೆದರು. ಚಿತ್ರಕಾರರನ್ನು ಹೊಡೆದ ಅದೇ ಕೋಲು ಹದಿಮೂರು ವರ್ಷಗಳ ಮೇಲೆ ಸಂಗೀತಗಾರನ ಬೆನ್ನಿಗೂ ಬಿದ್ದಿತು. ಕೋಲು ಒಂದೇ ಆದಮಾತ್ರಕ್ಕೆ ಬೆನ್ನುಗಳೂ ಒಂದೇ ಎಂದು ಹೇಳಬಹುದೇ?

ಹೋಲಿಕೆಗೆ ಆಧಾರವಿಲ್ಲದೆ ಇಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಸ್ವರಕ್ಕೆ ಆಧಾರಸ್ಥಾನವಿದ್ದು, ಉಳಿದ ಸ್ವರಗಳೂ ಸ್ವರಸಮೂಹಗಳೂ ಅದರ ಕಡೆಗೆ ಎಳೆಯುತ್ತಿರುತ್ತವೆ. ಕಾಕಲಿ ನಿಷಾದವನ್ನು ಹಿಡಿದು ನಿಲ್ಲಿಸಿದರೆ ಕಿವಿಯು ಮೇಲಿನ ಷಡ್ಜಕ್ಕಾಗಿ ಹೇಗೆ ಹಂಬಲಿಸುತ್ತದೆಯೋ ಹಾಗೆ. ಈ ಸೆಳೆತವೇ ಆ ಸಂಗೀತದ ಗೆರೆ, ಅದರ ಅಂಚು. ದೆಬ್ಯುಸಿ ಈ ಅಂಚನ್ನು ಸಡಿಲಿಸಿದನು. 1910ರಲ್ಲಿ ಪ್ರಕಟವಾದ ಅವನ ಪಿಯಾನೊ ರಚನೆಗಳಲ್ಲಿ 'ವಾಲ್' ಎಂಬುದೊಂದಿದೆ. ಮುಸುಕು ಎಂದೂ ಹಡಗಿನ ಹಾಯಿ ಎಂದೂ ಆ ಪದಕ್ಕೆ ಎರಡರ್ಥ. ಅದು ಬಹುಮಟ್ಟಿಗೆ ಆರು ಸಮಾನ ಮೆಟ್ಟಿಲುಗಳ ಸ್ವರಶ್ರೇಣಿಯಲ್ಲಿಯೇ ನಡೆಯುತ್ತದೆ. ನಮ್ಮ ಹೆಸರುಗಳಲ್ಲಿ ಹೇಳುವುದಾದರೆ ಷಡ್ಜ, ಚತುಶ್ರುತಿ ಋಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಪಂಚಮವಿಲ್ಲ; ಷಡ್ಜಕ್ಕೆ ಅರ್ಧಸ್ವರದ ದೂರದಲ್ಲಿ ನಿಂತು ಕೈಚಾಚುವ ನಿಷಾದವೂ ಇಲ್ಲ. ಎಲ್ಲ ಮೆಟ್ಟಿಲುಗಳೂ ಸಮಾನವಾದುದರಿಂದ ಮನೆ ಯಾವುದು, ಬೀದಿ ಯಾವುದು ಎಂದು ಕಿವಿಗೆ ಹೊಳೆಯುವುದಿಲ್ಲ. ಕೆಳಗೆ ಒಂದು ಮಂದ್ರಸ್ವರ ಮತ್ತೆ ಮತ್ತೆ ಮಿಡಿಯುತ್ತಿರುತ್ತದೆ. ನಡುವೆ ಕೆಲವು ಕ್ಷಣ ಐದು ಸ್ವರಗಳ ಶ್ರೇಣಿಯೊಂದು ಗಾಳಿ ಬೀಸಿದಂತೆ ಬಂದು ಹೋಗುತ್ತದೆ. ಮೋಹನದ ಸ್ವರಗಳನ್ನು ಬಲ್ಲವರಿಗೆ ಅದು ಅಪರಿಚಿತವಲ್ಲ. ಆದರೆ ಸ್ವರಗಳು ಒಂದೇ ಎಂದಮಾತ್ರಕ್ಕೆ ಅದು ರಾಗವಲ್ಲವೆಂಬುದೂ ಅವರಿಗೆ ತಿಳಿದೇ ಇರುತ್ತದೆ. ಐದು ಸ್ವರಗಳ ಮೇಲಿನ ಅವನ ಈ ಒಲವು, 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಜಾವಾ ದ್ವೀಪದವರ ಗಮೆಲಾನ್ ವಾದ್ಯಮೇಳವನ್ನು ಮನಸಾರ ಕೇಳಿದ ಮೇಲೆ ಇನ್ನೂ ಬಲಗೊಂಡಿತೆನ್ನಬಹುದು.

ಅಂಚನ್ನು ಕರಗಿಸುವ ಮಟ್ಟಿಗೆ ಇಬ್ಬರೂ ಒಂದೇ. ಆದರೆ ಗುರಿಯಲ್ಲಿ ಬೇರೆ. ಮೊನೆಗೆ ವಸ್ತುವಿನ ಮುಂದೆ ನಿಲ್ಲದೆ ಗತಿಯಿಲ್ಲ. ದೆಬ್ಯುಸಿ 'ಸಮುದ್ರ' ಎಂಬ ತನ್ನ ಮಹಾರಚನೆಯನ್ನು 1903ರಲ್ಲಿ ತೊಡಗಿದ್ದು ಕಡಲಿನ ತೀರದಲ್ಲಿ ಅಲ್ಲ. ಒಳನಾಡಾದ ಬರ್ಗಂಡಿಯಲ್ಲಿ, ನೆನಪಿನ ಬಲದಿಂದ. ಅವನ ಗೆಳೆಯರಲ್ಲಿ ಚಿತ್ರಕಾರರಿಗಿಂತ ಕವಿಗಳೇ ಹೆಚ್ಚು. 1894ರ ಡಿಸೆಂಬರಿನಲ್ಲಿ ಮೊದಲು ನುಡಿಸಲ್ಪಟ್ಟು ಜನರ ಬೇಡಿಕೆಯ ಮೇಲೆ ಅಂದೇ ಎರಡನೆಯ ಸಲವೂ ನುಡಿಸಲ್ಪಟ್ಟ, ಕಾಡಿನ ಫಾನ್ ದೇವತೆಯ ಮಧ್ಯಾಹ್ನಕ್ಕೆ ಪೀಠಿಕೆಯಾದ ಆ ರಚನೆಗೆ ಆಧಾರ ಮಲಾರ್ಮೆಯ ಒಂದು ಕವಿತೆ. ಹೇಳದೆ ಸೂಚಿಸುವುದು ಆ ಕವಿಗಳ ಮಾರ್ಗ. ನಮ್ಮ ಅಲಂಕಾರಿಕರು ಧ್ವನಿಯೆಂದು ಕರೆದುದಕ್ಕೆ ಅದು ದೂರವಲ್ಲ. ಆ ರಚನೆಯ ಮೊದಲಿಗೆ ಒಂಟಿ ಕೊಳಲು ಯಾವುದನ್ನೂ ಆಧಾರವೆಂದು ತೋರಿಸಿಕೊಡದೆ ಇಳಿದು ಏರುತ್ತದೆ. ಅಲ್ಲಿ ಕಾಣುವುದು ಕಾಡಿನ ಬೆಳಕಲ್ಲ. ಕಂಡದ್ದು ಕನಸೋ ನಿಜವೋ ಎಂಬ ಸಂದೇಹ.

'ಸಮುದ್ರ'ವು 1905ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನುಡಿಸಲ್ಪಟ್ಟಿತು. ಅದರ ಮುದ್ರಿತ ಪುಸ್ತಕದ ಮೇಲ್ಹೊದಿಕೆಗೆ ದೆಬ್ಯುಸಿ ಹೊಕುಸಾಯನ ಪ್ರಸಿದ್ಧವಾದ ಅಲೆಯ ಚಿತ್ರವನ್ನು ಆರಿಸಿಕೊಂಡನು. ಅದನ್ನು ಸಿಂಫೊನಿ ಎಂದು ಕರೆಯದೆ 'ಮೂರು ಸಿಂಫೊನಿಕ್ ಕರಡುಗಳು' ಎಂದು ಕರೆದನು. ಚಿತ್ರಕಾರರ ಮೇಲೆ ಹೊರಿಸಿದ್ದ ದೂರಿನ ಪದವೇ ಇಲ್ಲಿ ಒಂದು ಪ್ರಕಾರದ ಹೆಸರಾಗಿ ಬಂದಿರುವುದನ್ನು ನೋಡಿ. ವಿಮರ್ಶಕ ಪಿಯೆರ್ ಲಾಲೊ ಮಾತ್ರ, ತನಗೆ ಇದರಲ್ಲಿ ಸಮುದ್ರವು ಕಾಣಲಿಲ್ಲ, ಕೇಳಲಿಲ್ಲ, ಅದರ ವಾಸನೆಯೂ ಬರಲಿಲ್ಲವೆಂದು ದೂರಿದನು. ಇಂಪ್ರೆಷನಿಸ್ಟನೆಂಬ ಹೆಸರನ್ನು ಕೇಳಿ ಸಂಗೀತದಲ್ಲಿ ಚಿತ್ರವನ್ನು ಹುಡುಕಲು ಹೋದರೆ ಆಗುವ ನಷ್ಟ ಇದೇ. ದೆಬ್ಯುಸಿಗೂ ಇದರಿಂದ ಬೇಸರವಾಗಿತ್ತು. 1908ರಲ್ಲಿ ತನ್ನ ಪ್ರಕಾಶಕನಿಗೆ ಬರೆದ ಕಾಗದದಲ್ಲಿ, ಮೂಢರು ಈ ಪದವನ್ನು ಎಲ್ಲೆಂದರಲ್ಲಿ ತಪ್ಪಾಗಿ ಬಳಸುತ್ತಿದ್ದಾರೆ, ವಿಮರ್ಶಕರಂತೂ ಹೇಳತೀರದು ಎಂದು ಸಿಡಿದಿದ್ದಾನೆ.

ಕಥೆ ಇಲ್ಲಿಗೂ ಮುಗಿಯಲಿಲ್ಲ. 1912ರ ಮೇ 29ರಂದು ದ್ಯಾಗಿಲೆವನ ರಷ್ಯನ್ ಬ್ಯಾಲೆ ಮಂಡಲಿಯವರು ಪ್ಯಾರಿಸ್ಸಿನ ಷಾತಲೆ ನಾಟಕಶಾಲೆಯಲ್ಲಿ ಅದೇ ಫಾನ್ ಸಂಗೀತಕ್ಕೆ ಒಂದು ನೃತ್ಯವನ್ನು ಆಡಿದರು. ನೃತ್ಯವನ್ನು ಸಂಯೋಜಿಸಿ ಮುಖ್ಯಪಾತ್ರ ವಹಿಸಿದವನು ನಿಜಿನ್ಸ್ಕಿ. ಪರದೆ ಮತ್ತು ಉಡುಪುಗಳು ಬಾಕ್ಸ್ಟನವು. ಸಂಗೀತವು ಹೊಗೆಯಂತೆ ಕರಗುವಂಥದು. ನೃತ್ಯವೂ ಹಾಗೆಯೇ ತೇಲುವುದೆಂದು ಸಭಿಕರು ನಿರೀಕ್ಷಿಸಿದ್ದರೆ ತಪ್ಪಲ್ಲ. ನಿಜಿನ್ಸ್ಕಿ ಮಾಡಿದ್ದು ನೇರ ವಿರುದ್ಧ. ನರ್ತಕರು ರಂಗದ ಮುಂಭಾಗದ ಕಿರಿದಾದ ಪಟ್ಟಿಯಲ್ಲಿ, ಹಳೆಯ ಗ್ರೀಕ್ ಉಬ್ಬುಶಿಲ್ಪದ ಆಕೃತಿಗಳಂತೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಕೋನಕೋನವಾದ ನಿಲುವುಗಳಲ್ಲಿ ಸಾಗಿದರು. ಕೆಳಗೆ ಅಂಚಿಲ್ಲದ ನಾದ; ಮೇಲೆ ಅಂಚೇ ಆದ ದೇಹ. ಕೆಲವರು ಕೂಗಿದರು, ಕೆಲವರು ಕೈತಟ್ಟಿದರು, ಅಂದೇ ಎರಡನೆಯ ಸಲ ಆಡಿದರು. ಫಿಗಾರೊ ಪತ್ರಿಕೆಯ ಸಂಪಾದಕನು ಅಸಭ್ಯವೆಂದು ಖಂಡಿಸಿದನು. ಶಿಲ್ಪಿ ರೊದಾನನ ಹೆಸರಿನಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಸಮರ್ಥನೆ ಹೊರಟಿತು. ದೆಬ್ಯುಸಿಗೆ ಅದು ಹಿಡಿಸಲಿಲ್ಲ. ನಿಜಿನ್ಸ್ಕಿಯ ಆ ನೃತ್ಯವನ್ನು ಇಂಪ್ರೆಷನಿಸಂ ಎಂದು ಕರೆಯುವುದು ಯಾವ ಅರ್ಥದಲ್ಲಿಯೂ ಸಾಧ್ಯವಿಲ್ಲ. ಸಂಗೀತವು ಮೂರನೆಯ ಕಲೆಯ ಒಳಗೆ ಹೋಯಿತು. ಹೆಸರು ಬಾಗಿಲಿನಲ್ಲಿಯೇ ನಿಂತಿತು.

ಹಾಗಾದರೆ ಪಂಥಗಳ ಹೆಸರುಗಳನ್ನು ಬಿಟ್ಟೇಬಿಡಬೇಕೇ? ನಮಗೆ ಹಾಗೆ ತೋರುವುದಿಲ್ಲ. ಚಿತ್ರಕಾರರು ಒಂದು ಕಾಲದಲ್ಲಿ ಯಾವುದನ್ನು ಎದುರಿಸಿದರು, ಯಾವ ಸಾಧನಗಳಿಂದ, ಯಾವ ಬೆಲೆ ತೆತ್ತು ಎಂಬುದನ್ನು ಆ ಒಂದು ಪದವು ನೆನಪಿಗೆ ತರುತ್ತದೆ. ಅಷ್ಟರ ಮಟ್ಟಿಗೆ ಅದು ಉಪಕಾರಿ. ಆದರೆ ಅದನ್ನು ಇನ್ನೊಂದು ಕಲೆಗೆ ಒಯ್ಯುವಾಗ, ಯಾವ ಗುಣದಲ್ಲಿ ಹೋಲಿಕೆ, ಯಾವುದರಲ್ಲಿ ಇಲ್ಲ ಎಂದು ಬಿಡಿಸಿ ಹೇಳುವ ಹೊಣೆ ಒಯ್ಯುವವನದು. ಆ ಹೊಣೆಯನ್ನು ಹೊರದವನು ಕೃತಿಯನ್ನು ಕುರಿತು ಏನನ್ನೂ ಹೇಳಿದಂತಾಗುವುದಿಲ್ಲ. ಇಂದು ನಾವು ಹೊಸದೊಂದು ಸಂಗೀತವನ್ನು ಕೇಳುವಾಗಲೂ ಹೊಸಬನೊಬ್ಬನ ಚಿತ್ರದ ಮುಂದೆ ನಿಲ್ಲುವಾಗಲೂ ಅವನ ಊಟ ಬಟ್ಟೆಗಳ ಪ್ರಶ್ನೆಯು ನಮ್ಮ ಅವಸರದ ಮಾತಿನಲ್ಲಿ ಸ್ವಲ್ಪಮಟ್ಟಿಗಾದರೂ ಅಡಗಿರುತ್ತದೆ.

ಈ ವಿಚಾರದಲ್ಲಿ ದೆಬ್ಯುಸಿಯ ಒಂದು ಪದ್ಧತಿ ಅನುಸರಿಸತಕ್ಕದ್ದಾಗಿದೆ. ಮೇಲೆ ಹೇಳಿದ 'ವಾಲ್' ಇರುವ ಸಂಪುಟದಲ್ಲಿಯೂ ಅದರ ಮುಂದಿನ ಸಂಪುಟದಲ್ಲಿಯೂ ಒಟ್ಟು ಇಪ್ಪತ್ತನಾಲ್ಕು ರಚನೆಗಳಿವೆ. ಯಾವುದರ ತಲೆಯ ಮೇಲೂ ಹೆಸರಿಲ್ಲ. ಸಂಖ್ಯೆ ಮಾತ್ರ ಇದೆ. ಪುಟ ತಿರುಗಿಸಿ, ನುಡಿಸಿ, ಕೊನೆಯ ಸ್ವರವೂ ಮುಗಿದ ಮೇಲೆ, ಕೆಳಗಡೆ ಚಿಕ್ಕ ಅಕ್ಷರಗಳಲ್ಲಿ ಅದರ ಹೆಸರು ಅಚ್ಚಾಗಿರುತ್ತದೆ. ಮೊದಲು ಕೇಳುವುದು, ಹೆಸರು ಅನಂತರ.